ಎಲೆ ಮಡಚುವ ತನಕ

ಬಸ್ಸು ಹತ್ತಿದವರ ಮುಖ ನೋಡಿ ಅವರು ಎಲ್ಲಿ ಇಳಿಯುತ್ತಾರೆ ಎಂದು ಮನಸ್ಸಿನಲ್ಲೇ ಪಂದ್ಯ ಕಟ್ಟುವ ಚಟ ನನಗಿದೆ. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡದ್ದು. ಟೇಕಲ್‌ನಲ್ಲಿ ರೈಲು ಹಿಡಿಯುವವರು ಸೀಟು ಖಾಲಿಯಿದ್ದರೂ ಕೂರದೆ ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಾರೆ. ಕೋಲಾರದ ಆಸ್ಪತ್ರೆಗೆ ಹೋಗುವವರು ಪ್ಲಾಸ್ಟಿಕ್ ಕವರನ್ನು ಎದೆಗೆ ಅವುಚಿಕೊಂಡಿರುತ್ತಾರೆ. ಮಗಳ ಮನೆಗೆ ಹೊರಟ ತಾಯಂದಿರನ್ನು ಕೇಳುವುದೇ ಬೇಡ, ಅವರ ಬ್ಯಾಗಿನ ವಾಸನೆಯೇ ಹೇಳುತ್ತದೆ. ಇದನ್ನು ನಾನು ಕುತೂಹಲ ಎನ್ನುತ್ತೇನೆ. ಅಮ್ಮ ಊರ ಉಸಾಬರಿ ಎನ್ನುತ್ತಾಳೆ.

ಆ ನಾಯಿಯ ವಿಷಯದಲ್ಲಿ ಮಾತ್ರ ನನ್ನ ಅಂದಾಜು ಪೂರ್ತಿ ತಪ್ಪಿತು.

ಅದು ನನ್ನ ಬಸ್ಸು ಹತ್ತಿದ್ದು ಟೇಕಲ್‌ನಲ್ಲಿ. ಜೊತೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬೀದಿಯಲ್ಲಿ ಪೆಟ್ಟಾದ ನಾಯಿ ಬೆಕ್ಕುಗಳನ್ನು ತಂದು ಸಾಕುವ ಒಂದು ಗುಂಪು ಆ ಕಡೆ ಶೆಡ್ ಹಾಕಿಕೊಂಡಿದೆ, ಅವಳು ಅಲ್ಲಿಯವಳು. ಕಂದು ಬಣ್ಣದ ಊರ ನಾಯಿ, ಹಿಂಗಾಲಿಗೆ ಪಟ್ಟಿ. ಕೋಲಾರದ ಪಶು ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿಸಬೇಕು ಎಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಹುಡುಗಿಗೆ ಸೊನ್ನೆ ಟಿಕೆಟ್ಟು ಕೊಟ್ಟು, ನಾಯಿಗೆ ದುಡ್ಡು ಕೇಳಿದೆ. ಅವಳು ಮುಖ ನೋಡಿದಳು.

"ಇವನು ಗಂಡಸು ಕಣಮ್ಮ, ನಾನೇನ್ ಮಾಡ್ಲಿ?" ಎಂದೆ. ಹಿಂದಿನ ಸೀಟಿನವರೆಲ್ಲ ನಕ್ಕರು.

ನಡುವೆ ಒಂದು ಸ್ಟಾಪಿನಲ್ಲಿ, ಮಡಿಲಲ್ಲಿ ಇಡ್ಲಿ ಪೊಟ್ಟಣ ಬಿಚ್ಚಿಕೊಂಡು ತಿನ್ನುತ್ತಿದ್ದ ಒಬ್ಬರು ನೀರಿನ ಬಾಟಲಿ ಕೊಳ್ಳಲು ಇಳಿದರು. ಪೊಟ್ಟಣ ಸೀಟಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು, ನಾಯಿಯ ಮೂಗಿಗೆ ಒಂದು ಗೇಣು ದೂರದಲ್ಲಿ. ಮುಗೀತು ಇಡ್ಲಿ ಕತೆ ಎಂದುಕೊಂಡೆ. ನಾಯಿ ಎದ್ದು ನಿಂತಿತು. ಪೊಟ್ಟಣದ ಪಕ್ಕಕ್ಕೆ ಬಂದು ಕೂತಿತು. ಆ ಮನುಷ್ಯ ವಾಪಸು ಬಂದು ಸೀಟಿನಲ್ಲಿ ಕೂರುವವರೆಗೂ ಅದು ಇಡ್ಲಿಯ ಕಡೆ ತಿರುಗಲೂ ಇಲ್ಲ. ಜೊಲ್ಲು ಮಾತ್ರ ಸುರಿಯುತ್ತಿತ್ತು.

"ಯಾರ ಮನೇಲಿ ಬೆಳೆದಿದ್ದು ಇದು?"

"ಯಾರ ಮನೇದೂ ಅಲ್ಲ ಅಕ್ಕ. ನಂಗಲಿ ಹತ್ರ ರಸ್ತೆ ಪಕ್ಕ ಬಿದ್ದಿತ್ತು, ಯಾವುದೋ ಗಾಡಿ ಗುದ್ದಿತ್ತು. ಈಗ ಒಂದು ಮನೆ ಹುಡುಕ್ತಾ ಇದೀವಿ."

ಯಾರ ಮನೆಯದೂ ಅಲ್ಲದ ನಾಯಿಗೆ ಈ ಸಂಸ್ಕಾರ ಎಲ್ಲಿಂದ ಬಂತು? ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಕೋಲಾರ ಬರುವಷ್ಟರಲ್ಲಿ ಹುಡುಗಿಯ ಫೋನ್ ನಂಬರ್ ತೆಗೆದುಕೊಂಡಿದ್ದೆ. ದಯೆಯಿಂದ ನಾಯಿ ತಂದೆ ಎಂದು ಯಾರಾದರೂ ಹೊಗಳಿದರೆ ನನಗೆ ನಾಚಿಕೆಯಾಗುತ್ತದೆ. ಅದು ಎಲ್ಲಿ ಹತ್ತಿ ಬಂದದ್ದು ಎಂದು ತಿಳಿಯಬೇಕಿತ್ತು, ಅಷ್ಟೇ.

ನಾಯಿ ಕೊಡುವುದಕ್ಕೆ ಮೊದಲು ಮನೆ ನೋಡಬೇಕು ಎಂದರು. ಕೋಲಾರದ ನಮ್ಮ ಬಾಡಿಗೆ ಮನೆಯಲ್ಲಿ ಇರುವುದು ನಾನು, ಅಮ್ಮ ಇಬ್ಬರೇ. ಗಂಡನ ವಿಷಯ ಇಲ್ಲಿ ಬೇಡ, ಅವನನ್ನು ಇಳಿಸಿ ಬಹಳ ದಿನವಾಯಿತು. ಅದೇ ಹುಡುಗಿ ಬಂದಳು. ಹೆಣ್ಣು ನೋಡಲು ಬಂದ ಬೀಗರ ಹಾಗೆ ಕಾಂಪೌಂಡು, ಗೇಟು, ಹಿತ್ತಿಲು, ಬಚ್ಚಲ ಪಕ್ಕದ ಬಾಳೆಗಿಡ ಎಲ್ಲ ನೋಡಿ, ಚಾಪೆಯ ಮೇಲೆ ಕೂತು ಕೇಳಿದಳು.

"ಅಕ್ಕ ಡ್ಯೂಟಿಗೆ ಹೋದ್ರೆ ನಾಯಿ ಜೊತೆ ಯಾರಿರ್ತಾರೆ ಅಜ್ಜಿ? ಒಂದೇ ಬಿಟ್ರೆ ಮಂಕಾಗಿಬಿಡುತ್ತೆ."

"ನಾನಿರ್ತೀನಲ್ಲಮ್ಮ," ಎಂದಳು ಅಮ್ಮ. "ಇಷ್ಟು ದಿನ ನನ್ನ ಜೊತೆ ಯಾರಿರ್ತಾರೆ ಅಂತ ಒಬ್ರೂ ಬಂದು ಕೇಳ್ಲಿಲ್ಲ ನೋಡು."

ಹುಡುಗಿ ನಕ್ಕಳು. ನಾನು ನಗಲಿಲ್ಲ, ಅದು ನನಗೇ ಹಾಕಿದ ಒಗ್ಗರಣೆ ಎಂದು ಗೊತ್ತಿತ್ತು.

ಒಂದು ತಿಂಗಳು ಇಟ್ಟುಕೊಳ್ಳಿ, ಹೊಂದಿಕೊಂಡರೆ ನಿಮ್ಮದು, ಇಲ್ಲದಿದ್ದರೆ ವಾಪಸು ಕರೆದುಕೊಂಡು ಹೋಗುತ್ತೇವೆ ಎಂಬುದು ಅವರ ನಿಯಮ. ಹೀಗೆ ಅವನು ಮನೆಗೆ ಬಂದ. ಶೆಡ್ಡಿನಲ್ಲಿ ಇಟ್ಟಿದ್ದ ಇಂಗ್ಲಿಷ್ ಹೆಸರಿಗೆ ಅಮ್ಮನ ನಾಲಿಗೆ ಹೊರಳಲಿಲ್ಲ. ಅವಳದು ಮುಳಬಾಗಿಲು ಕಡೆಯ ಹುಟ್ಟು, ಮುದ್ದು ಬಂದರೂ ಸಿಟ್ಟು ಬಂದರೂ ಬಾಯಲ್ಲಿ ತೆಲುಗು. "ಏಮಿರಾ" ಎಂದು ಕರೆದಳು, ಅವನು ಬಾಲ ಅಲ್ಲಾಡಿಸಿದ. ಅದೇ ಹೆಸರಾಯಿತು.

ಅಮ್ಮ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಕಲಸಿ ಅಂಗಳದಲ್ಲಿಟ್ಟಳು. ಅವನು ಕುಂಟುತ್ತ ಬಂದು, ಮೂಸಿ, ತಟ್ಟೆಯ ಪಕ್ಕದಲ್ಲಿ ಕೂತ. ಅಷ್ಟೇ. ಒಂದು ಅಗುಳನ್ನೂ ಮುಟ್ಟಲಿಲ್ಲ. ಹೊಸ ಜಾಗ, ನಾಚಿಕೆಯಿರಬೇಕು ಎಂದು ಒಳಗೆ ಬಂದೆವು. ಸಂಜೆ ನೋಡಿದರೂ ಅನ್ನ ಹಾಗೇ ಇತ್ತು, ಅವನೂ ಹಾಗೇ ಇದ್ದ. ಕಾಗೆ ಬಂದರೆ ಎದ್ದು ಓಡಿಸುತ್ತಿದ್ದ. ಪಕ್ಕದ ಮನೆಯ ಬೆಕ್ಕು ಬಂದರೆ ಹಲ್ಲು ತೋರಿಸುತ್ತಿದ್ದ. ತಾನೂ ತಿನ್ನುವುದಿಲ್ಲ, ಇನ್ನೊಬ್ಬರಿಗೂ ಬಿಡುವುದಿಲ್ಲ.

ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಇಟ್ಟೆವು. ಇಲ್ಲ. ಕೋಳಿಯ ಕಾಲು ಬೇಯಿಸಿ ಇಟ್ಟೆವು. ಅದರ ಮುಂದೆ ಕೂತು ಅವನ ಮೈಯೆಲ್ಲ ನಡುಗುತ್ತಿತ್ತು, ಆದರೂ ಬಾಯಿ ಹಾಕಲಿಲ್ಲ. ಅಮ್ಮ ಪಾತ್ರೆ ತೊಳೆದು ಚೆಲ್ಲಿದ ನೀರಿನಲ್ಲಿ ನಾಲ್ಕು ಅಗುಳು ಬಿದ್ದರೆ ಅದನ್ನು ಮಾತ್ರ ಗಬಗಬ ನೆಕ್ಕುತ್ತಿದ್ದ. ಹೊಟ್ಟೆ ಸರಿಯಿದೆ, ಹಸಿವಿದೆ, ಅನ್ನವಿದೆ. ಇನ್ನೇನು ಬೇಕು? ಡಾಕ್ಟರು ನೋಡಿ, ಕಾಯಿಲೆಯಿಲ್ಲ, ಹಳೆಯ ಯಜಮಾನರನ್ನು ನೆನೆದು ಕೊರಗುತ್ತಿರಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಕೊರಗುವವರು ನನ್ನ ಬಸ್ಸಿನಲ್ಲಿ ದಿನಾ ಓಡಾಡುತ್ತಾರೆ, ಅವರ ಕಣ್ಣು ಕಿಟಕಿಯ ಆಚೆ ಇರುತ್ತದೆ. ಇವನ ಕಣ್ಣು ತಟ್ಟೆಯ ಮೇಲೆಯೇ ಇರುತ್ತಿತ್ತು.

"ಊಟ ತನ್ನಿಚ್ಛೆ ಕಣೇ. ಹಸಿವಾದಾಗ ತಿಂತಾನೆ ಬಿಡು," ಎಂದಳು ಅಮ್ಮ.

ಈ ಮಾತನ್ನು ಅಮ್ಮನ ಬಾಯಲ್ಲಿ ಕೇಳಿ ನನಗೆ ರೇಗಿತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ಸುತ್ತಿ ಬೀಳುತ್ತಾಳೆ, ಹಾಗೆ ಬಿದ್ದೂ ಇದ್ದಾಳೆ. ಆದರೆ ಅವಳು ಹುಟ್ಟಿದ ಮನೆಯಲ್ಲೂ ಹೊಕ್ಕ ಮನೆಯಲ್ಲೂ ಎಲ್ಲರದ್ದೂ ಆದ ಮೇಲೆ ಉಂಡವಳು. ಗಂಡಸರು, ಮಕ್ಕಳು, ಬಂದವರು, ಹೋದವರು ಎಲ್ಲರೂ ಎಲೆ ಮಡಚಿ ಎದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ತಳದ ಅನ್ನ ಕೆರೆದುಕೊಂಡು ತಿನ್ನುವುದೇ ಊಟ ಎಂದು ತಿಳಿದವಳು. ಈಗ ಮನೆಯಲ್ಲಿ ಉಳಿದಿರುವ ಎಲ್ಲರೂ ಎಂದರೆ ನಾನೊಬ್ಬಳು. ನಾನು ಕೋಳಿ ಕೂಗುವ ಮೊದಲು ಡಿಪೋಗೆ ಹೋಗಿ ಮನೆ ಸೇರುವುದು ಇಳಿಹೊತ್ತಿಗೆ. ಬಸ್‌ಸ್ಟ್ಯಾಂಡಿನಲ್ಲಿ ಉಂಡಿರುತ್ತೇನೆ ಎಂದು ಹೇಳಿ ಹೇಳಿ ಸಾಕಾಯಿತು. "ಮಗಳು ದುಡಿಯೋಕೆ ಹೋಗಿರುವಾಗ ನಾನು ಕೂತು ಉಣ್ಣಲಾ? ಗಂಟಲಲ್ಲಿ ಇಳಿಯಲ್ಲ" ಎನ್ನುತ್ತಾಳೆ. ಡಾಕ್ಟರು ಗದರಿದರೂ ಅಷ್ಟೇ, ನಾನು ಕೂಗಾಡಿದರೂ ಅಷ್ಟೇ.

ಉಣ್ಣದ ಅಮ್ಮನ ಜೊತೆಗೆ ಈಗ ತಿನ್ನದ ನಾಯಿ. ನನ್ನ ಹಣೆಬರಹಕ್ಕೆ ಇಬ್ಬರೂ ಸರಿಯಾಗಿ ಸಿಕ್ಕಿದರು.

ತಿಂಗಳು ತುಂಬುತ್ತ ಬಂತು. ಹುಡುಗಿ ಬಂದು ಅವನ ಪಕ್ಕೆಯ ಮೇಲೆ ಕೈಯಾಡಿಸಿದಳು. ಎಲುಬು ಎಣಿಸುವ ಹಾಗಿತ್ತು.

"ಶೆಡ್‌ನಲ್ಲಿ ಇದಕ್ಕಿಂತ ಚೆನ್ನಾಗಿದ್ದ ಅಕ್ಕ. ಬೇರೆ ನಾಯಿಗಳು ತಿಂದು ಕೆಳಗೆ ಚೆಲ್ಲಿದ್ದನ್ನಾದ್ರೂ ತಿಂತಿದ್ದ. ಭಾನುವಾರ ಬರ್ತೀನಿ. ಅಷ್ಟರೊಳಗೆ ತಿನ್ನೋಕೆ ಶುರು ಮಾಡ್ಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

ಬೇಜಾರಾಯಿತು. ಬರೀ ಕುತೂಹಲಕ್ಕೆ ತಂದುಕೊಂಡವನು ಯಾವಾಗ ನನ್ನವನಾದ ಎಂದು ನನಗೇ ಗೊತ್ತಾಗಿರಲಿಲ್ಲ. ಅವನನ್ನು ಬಿಟ್ಟುಕೊಡುವುದು ನನಗೆ ಆಗುತ್ತಿರಲಿಲ್ಲ, ಅದಷ್ಟು ನಿಜ.

ಮರುದಿನ ನನಗೆ ವಾರದ ರಜೆ. ಒಬ್ಬ ಪ್ರಯಾಣಿಕ ಎಲ್ಲಿ ಇಳಿಯುತ್ತಾನೆ ಎಂದು ತಿಳಿಯದಿದ್ದರೆ ಎಲ್ಲಿ ಹತ್ತಿದ ಎಂದಾದರೂ ನೋಡಬೇಕು. ಅವನನ್ನು ಕರೆದುಕೊಂಡು ನಂಗಲಿ ಬಸ್ಸು ಹತ್ತಿದೆ. ಅಂದಿನ ಕಂಡಕ್ಟರು ನನ್ನ ಜೊತೆಯವನೇ. ನನಗೆ ಸೊನ್ನೆ ಟಿಕೆಟ್ಟು ಹರಿದು, "ಈ ಸಾಹೇಬರಿಗೆ ಫುಲ್ಲಾ, ಹಾಫಾ?" ಎಂದು ಗೇಲಿ ಮಾಡಿದ. ಮುಳಬಾಗಿಲು ದಾಟುವವರೆಗೂ ಏಮಿರಾ ಸೀಟಿನ ಕೆಳಗೆ ಮಲಗಿಯೇ ಇದ್ದ. ಆಮೇಲೆ ಎದ್ದ. ಕಿಟಕಿಗೆ ಮುಂಗಾಲು ಹಾಕಿ ನಿಂತು ಗಾಳಿ ಮೂಸತೊಡಗಿದ. ಗಡಿಯ ಕಡೆ ಹೋಗುವ ಲಾರಿಗಳ ಸಾಲು ಕಾಣಿಸಿದಾಗ ಅವನ ಬಾಲ ನನ್ನ ಮೊಣಕಾಲಿಗೆ ಪಟಪಟ ಹೊಡೆಯುತ್ತಿತ್ತು.

ಇಳಿದ ಮೇಲೆ ನಾನು ದಾರಿ ಹುಡುಕಬೇಕಾಗಲಿಲ್ಲ, ಅವನೇ ಎಳೆದುಕೊಂಡು ಹೋದ. ಹೆದ್ದಾರಿಯ ಬದಿಯಲ್ಲಿ ಒಂದು ಪಂಕ್ಚರ್ ಅಂಗಡಿ. ಅದರ ಪಕ್ಕದಲ್ಲಿ ಶೀಟು ಕಿತ್ತುಹಾಕಿದ ಒಂದು ಹೋಟೆಲು, ಒಳಗೆ ಉದ್ದನೆಯ ಎರಡು ಕಲ್ಲು ಬೆಂಚು, ಆರಿದ ಒಲೆ. ಅವನು ಒಳಗೆ ಹೋಗಿ ಬೆಂಚುಗಳ ನಡುವೆ ಒಮ್ಮೆ ಆ ತುದಿಯಿಂದ ಈ ತುದಿಗೆ ನಡೆದು ಬಂದು ಬಾಗಿಲಲ್ಲಿ ನಿಂತ.

ಪಂಕ್ಚರ್ ಅಂಗಡಿಯ ಸಾಬರು ಟೈರು ಬಿಟ್ಟು ಎದ್ದು ಬಂದರು. ಗಡ್ಡ ನರೆತ ಮನುಷ್ಯ. ನನ್ನನ್ನು ನೋಡಲೇ ಇಲ್ಲ.

"ಜಿಂದಾ ಹೈ ಕ್ಯಾ ರೇ ತೂ?" ಎಂದು ಅವನ ಕಿವಿ ಹಿಂಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸತ್ತೇ ಹೋದ ಅಂದ್ಕೊಂಡಿದ್ದೆ ಅಕ್ಕ. ಲಾರಿ ಗುದ್ದಿ ಬಿದ್ದಿದ್ದ, ನಾನು ನೀರು ತರೋಕೆ ಹೋಗಿ ಬರೋದ್ರೊಳಗೆ ಯಾರೋ ಹುಡುಗೀರು ಜೀಪಲ್ಲಿ ಹಾಕ್ಕೊಂಡು ಹೋಗಿದ್ರು" ಎಂದರು.

ನಾನು ಕತೆಯೆಲ್ಲ ಹೇಳಿದೆ. ತಟ್ಟೆಯ ಮುಂದೆ ದಿನವಿಡೀ ಕೂರುವುದು, ಕಾಗೆ ಓಡಿಸುವುದು, ಒಂದಗುಳು ಮುಟ್ಟದಿರುವುದು. ಸಾಬರು ಕೇಳುತ್ತ ಕೇಳುತ್ತ ನಗಲು ಶುರುಮಾಡಿದರು. ನನಗೆ ಸಿಟ್ಟು ಬಂತು.

"ನಗಬೇಡಿ, ನಾಯಿ ಸಾಯ್ತಾ ಇದೆ ಇಲ್ಲಿ."

"ಅವನು ಡ್ಯೂಟಿ ಮಾಡ್ತಾ ಇದಾನೆ ಅಕ್ಕ," ಎಂದರು.

ಆ ಹೋಟೆಲು ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಬಾಳೆ ಎಲೆಯ ಊಟ, ಲಾರಿಯವರದೇ ವ್ಯಾಪಾರ. ಲಾರಿಯವರು ನೆಮ್ಮದಿಯಾಗಿ ಕೂತು ಉಣ್ಣುವ ಜನವಲ್ಲ. ಅರ್ಧ ಊಟದಲ್ಲಿ ಫೋನು ಬರುತ್ತದೆ, ಗಾಡಿ ಸರಿಸಿ ಎಂದು ಯಾರೋ ಹಾರನ್ ಹೊಡೆಯುತ್ತಾರೆ, ಎಲೆ ಹಾಗೇ ಬಿಟ್ಟು ಎದ್ದು ಓಡುತ್ತಾರೆ. ವಾಪಸು ಬರುವಷ್ಟರಲ್ಲಿ ಬೀದಿ ನಾಯಿ ಬಾಯಿ ಹಾಕಿರುತ್ತದೆ, ಇಲ್ಲವೇ ಕಾಗೆ. ದಿನಾ ಜಗಳ. ಆಗ ಆಯಮ್ಮ ಈ ನಾಯಿಯನ್ನು ಮರಿಯಿದ್ದಾಗಲೇ ತಂದು, ಸೌಟು ತೋರಿಸಿ ತೋರಿಸಿ ಕಲಿಸಿದಳಂತೆ. ಎಲೆ ಬಿಚ್ಚಿದೆ ಎಂದರೆ ಉಣ್ಣುವವರು ಇನ್ನೂ ಇದ್ದಾರೆ, ನೀನು ಕಾಯಬೇಕು. ಉಂಡವರು ಎಲೆ ಮಡಚಿ ಎದ್ದರೆ ಆ ಎಲೆ ನಿನ್ನದು.

"ಎಲೆ ಮಡಚ್ದೆ ಹೋದ್ರೆ ಮುಟ್ತಾನೇ ಇರ್ಲಿಲ್ಲ. ಆಯಮ್ಮನೇ ಬಂದು ಮಡಚಬೇಕು. ಡ್ರೈವರ್‌ಗಳು ಇವನನ್ನ ನಂಬಿ, ಅನ್ನ ಬಿಟ್ಟು ಹೋಗಿ, ನನ್ನ ಹತ್ರ ಗಾಳಿ ಹಾಕಿಸ್ಕೊಂಡು ಬಂದು ಉಣ್ತಿದ್ರು."

ಹೋಟೆಲು ಮುಚ್ಚಿ ಆಯಮ್ಮ ಚಿತ್ತೂರಿನ ಕಡೆ ಅಣ್ಣನ ಮನೆಗೆ ಹೋದಳಂತೆ. ಕರೆದುಕೊಂಡು ಹೋಗಲು ನೋಡಿದಳು, ಅವನು ಬೆಂಚು ಬಿಟ್ಟು ಬರಲಿಲ್ಲ.

ನಾನು ಆ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾರೆ. ಕರ್ಚೀಫು ಇದ್ದರೆ ಆ ಸೀಟಿಗೆ ಯಾರೋ ಬರುತ್ತಿದ್ದಾರೆ ಎಂದರ್ಥ, ಕಾಲು ಎಷ್ಟೇ ನೋಯಲಿ ಮರ್ಯಾದಸ್ಥರು ಕೂರುವುದಿಲ್ಲ. ನಾವು ಒಂದು ತಿಂಗಳಿನಿಂದ ದಿನಾ, ಮಡಚಲಾಗದ ತಟ್ಟೆ ಇಟ್ಟು, ಅವನ ಮುಂದೆ ಕರ್ಚೀಫು ಹಾಸಿ, ಕೂತ್ಕೋ ಕೂತ್ಕೋ ಎಂದು ಗೋಗರೆಯುತ್ತಿದ್ದೆವು. ಅವನು ಬಾರದ ಯಾರಿಗೋ ಜಾಗ ಕಾಯುತ್ತಿದ್ದ.

ಅಂದು ಮನೆಗೆ ಬಂದವಳೇ ಹಿತ್ತಿಲಿನಿಂದ ಬಾಳೆ ಎಲೆ ಕೊಯ್ದು ನಡುಮನೆಯಲ್ಲಿ ಹಾಕಿಕೊಂಡು ಕೂತೆ. ಅಮ್ಮ ಏನು ಹಬ್ಬ ಎಂದಳು. ಬಡಿಸು ಎಂದೆ. ಅವನು ಹೊಸಿಲ ಆಚೆಯಿಂದ ನೋಡುತ್ತಿದ್ದವನು ಮೊದಲ ಸಲ ಒಳಗೆ ಬಂದು ಎಲೆಯಿಂದ ಒಂದು ಮಾರು ದೂರದಲ್ಲಿ ನೆಟ್ಟಗೆ ಕೂತ. ನಾನು ಉಂಡೆ. ಅರ್ಧ ಅನ್ನ ಹಾಗೇ ಉಳಿಸಿ ಎಲೆ ಮಡಚಲು ಹೋದೆ.

"ನಿನ್ನ ಕಡೆಗೆ ಮಡಚೇ," ಎಂದು ಅಮ್ಮ ಗದರಿದಳು. "ಆಚೆ ಕಡೆಗೆ ಮಡಚೋದು ಸಾವಿನ ಮನೇಲಿ."

ನನ್ನ ಕಡೆಗೆ ಮಡಚಿ ಎದ್ದೆ. ಕೈ ತೊಳೆಯಲು ಬಚ್ಚಲಿಗೆ ಹೋಗುವಷ್ಟರಲ್ಲಿ ಹಿಂದೆ ಚಪ್ಪರಿಸುವ ಸದ್ದು. ಮೂತಿಯಿಂದ ಎಲೆ ಬಿಡಿಸಿ, ಅನ್ನ, ಸಾರು, ಕೊನೆಗೆ ಎಲೆಯ ದಂಟಿನ ತನಕ ನೆಕ್ಕಿ ಮುಗಿಸಿದ್ದ. ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಒರಗಿ ಅತ್ತೆ. ಅಮ್ಮ ಅಳಲಿಲ್ಲ, ಇನ್ನೊಂದು ಸೌಟು ಅನ್ನ ತಂದು ಅದೇ ಎಲೆಗೆ ಹಾಕಿದಳು.

ಗೆದ್ದೆ ಎಂದುಕೊಂಡೆ. ಗೆದ್ದಿರಲಿಲ್ಲ. ನಾನು ಮನೆಯಲ್ಲಿ ಉಣ್ಣುವುದು ಯಾವ ಹೊತ್ತಿಗೋ. ಹಳ್ಳಿಯಲ್ಲಿ ಬಸ್ಸು ರಾತ್ರಿ ಹಾಲ್ಟ್ ಆದರೆ ಆ ದಿನ ಮನೆಗೇ ಬರುವುದಿಲ್ಲ. ಅವನು ತಿನ್ನಬೇಕಾದರೆ ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಕೂತು, ಉಂಡು, ಎಲೆ ಮಡಚಬೇಕು. ಆ ಯಾರಾದರೂ ಎಂದರೆ ಅಮ್ಮ.

"ನೀನು ಹೊತ್ತಿಗೆ ಸರಿಯಾಗಿ ಉಂಡ್ರೆ ಅವನೂ ಉಣ್ತಾನೆ," ಎಂದೆ.

"ಮನೆಗೆ ನೀನು ಬರ್ದೆ ನಾನು ಎಲೆ ಮಡಚೋದಾ? ಇಷ್ಟು ವರ್ಷ ಇಲ್ಲದ್ದು?"

"ಹಾಗಾದ್ರೆ ಭಾನುವಾರ ಅವಳು ಕರ್ಕೊಂಡು ಹೋಗ್ತಾಳೆ."

"ಹೋದ್ರೆ ಹೋಗ್ಲಿ. ನಾಯಿಗೋಸ್ಕರ ನಡತೆ ಬಿಡಕ್ಕಾಗುತ್ತಾ?"

ನಾನು ಆಡಬಾರದ್ದೆಲ್ಲ ಆಡಿದೆ. ಮಗಳ ಮಾತಿಗೆ ಕರಗದವಳು ನಾಯಿಗೆ ಕರಗುತ್ತೀಯಾ ಎಂದೆ. ಅಮ್ಮ ಎದ್ದು ಒಳಗೆ ಹೋದಳು. ಆಮೇಲಿನ ಎರಡು ದಿನ ನಾನು ಇಳಿಹೊತ್ತಿಗೆ ಬಂದಾಗ ಅವರಿಬ್ಬರೂ ಹೊಸಿಲ ಆಚೀಚೆ ನನಗಾಗಿ ಕಾಯುತ್ತ ಕೂತಿರುತ್ತಿದ್ದರು. ಅಮ್ಮ ಒಳಗೆ, ಅವನು ಹೊರಗೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ಬೇರೆ ಕಡೆಯೂ ನೋಡುತ್ತಿರಲಿಲ್ಲ.

ಶನಿವಾರ ನನಗೆ ಶ್ರೀನಿವಾಸಪುರದ ಕಡೆ ಹಾಲ್ಟ್ ಬಿತ್ತು. ಬದಲಾಯಿಸಿಕೊಳ್ಳಲು ಕಂಡವರನ್ನೆಲ್ಲ ಕೇಳಿದೆ, ಯಾರೂ ಒಪ್ಪಲಿಲ್ಲ. ಭಾನುವಾರ ಬೆಳಗಿನ ಟ್ರಿಪ್ಪು ಮುಗಿಸಿ ಕೋಲಾರ ಸೇರಿದಾಗ ಮಧ್ಯಾಹ್ನ. ಹುಡುಗಿ ಆಗಲೇ ಬಂದಿರುತ್ತಾಳೆ, ಇಷ್ಟು ಹೊತ್ತಿಗೆ ಅವನ ಕೊರಳಿಗೆ ಹಗ್ಗ ಬಿದ್ದಿರುತ್ತದೆ ಎಂದುಕೊಂಡು ಡಿಪೋದಲ್ಲಿ ಕ್ಯಾಶು ಕಟ್ಟಿ ಆಟೋ ಹಿಡಿದೆ. ಗೇಟಿನ ಹೊರಗೆ ಅವಳ ಸ್ಕೂಟರು ನಿಂತಿತ್ತು. ಅಂಗಳದಲ್ಲಿ ಅವನಿರಲಿಲ್ಲ.

ಬಾಗಿಲಿಗೆ ಬಂದು ನಿಂತೆ.

ನಡುಮನೆಯಲ್ಲಿ ಅಮ್ಮ ಎಲೆಯ ಮುಂದೆ ಕೂತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಅಲ್ಲ, ನಟ್ಟನಡುವೆ, ಮಣೆ ಹಾಕಿಕೊಂಡು. ಸಾರನ್ನ ಮುಗಿಸಿ ಮಜ್ಜಿಗೆ ಅನ್ನಕ್ಕೆ ಬಂದಿದ್ದಳು. ಅವಳು ಹೀಗೆ ಕೂತು ಉಣ್ಣುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೈ ಎಷ್ಟು ನಿಧಾನವಾಗಿ ಎಲೆಯಿಂದ ಬಾಯಿಗೆ ಹೋಗುತ್ತಿತ್ತು, ತುತ್ತು ಎಷ್ಟು ಚಿಕ್ಕದಾಗಿತ್ತು ಎಂಬುದೆಲ್ಲ ನನಗೆ ಹೊಸದು. ಗೋಡೆಗೆ ಒರಗಿ ಹುಡುಗಿ ಮಡಿಲಲ್ಲಿ ಹಗ್ಗ ಇಟ್ಟುಕೊಂಡು ಕೂತಿದ್ದಳು. ಎಲೆಯ ಆ ತುದಿಯಲ್ಲಿ ಅವನು ನೆಟ್ಟಗೆ ಕೂತು, ಬಾಗಿಲ ಕಡೆಗೆ ಕಿವಿ ನಿಮಿರಿಸಿಕೊಂಡು, ಅಮ್ಮನ ಅನ್ನವನ್ನು ಕಾಯುತ್ತಿದ್ದ.

ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಸ್ವಲ್ಪ ನಾಚಿದಳು ಅನ್ನಿಸಿತು.

"ಬಂದ್ಯಾ? ನಿನಗೆ ಕಾಯ್ಲಿಲ್ಲ ಕಣೇ," ಎಂದಳು. "ಪಾಪ, ಇವನು ನನಗೆ ಕಾಯ್ತಾ ಇದ್ದ."

ಉಳಿದ ಅನ್ನವನ್ನು ಒಂದು ಕಡೆಗೆ ಒತ್ತರಿಸಿ, ಎಲೆಯನ್ನು ತನ್ನ ಕಡೆಗೆ ಮಡಚಿ, ನೆಲಕ್ಕೆ ಕೈಯೂರಿ ಎದ್ದಳು. "ತಿನರಾ" ಎಂದಳು. ಹೇಳುವ ಅಗತ್ಯವಿರಲಿಲ್ಲ, ಅವನ ಮೂತಿ ಆಗಲೇ ಎಲೆಯೊಳಗಿತ್ತು.

ಹುಡುಗಿ ಹಗ್ಗವನ್ನು ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಅಮ್ಮ ಮಾತ್ರೆ ನುಂಗಿ ಚಾಪೆಯ ಮೇಲೆ ಅಡ್ಡಾದಳು, ಅವನು ಅವಳ ಕಾಲ ಬುಡದಲ್ಲಿ. ಇಬ್ಬರಿಗೂ ಒಳ್ಳೆಯ ನಿದ್ದೆ. ನಾನು ಯೂನಿಫಾರಂ ಬದಲಿಸಿ, ಸದ್ದಾಗದಂತೆ ಪಾತ್ರೆಯ ತಳದಲ್ಲಿದ್ದ ಅನ್ನ ಬಡಿಸಿಕೊಂಡೆ. ಅವತ್ತು ನಮ್ಮ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಂಡವಳು ನಾನು.